ದೊಡ್ಡರೋಗ ಹೋದ ದಾರಿ

ಪಶುವೈದ್ಯಕೀಯ ಓದುತ್ತಿರುವ ಹುಡುಗಿಯೊಬ್ಬಳು ಹೋದ ವರ್ಷ ನನ್ನನ್ನು ಕೇಳಿದಳು: "ಸರ್, ನೀವು ರಿಂಡರ್‌ಪೆಸ್ಟ್ ಕಣ್ಣಾರೆ ನೋಡಿದ್ದೀರಾ?" ನೋಡಿದ್ದೇನೆ ಅಂದೆ. ನಮ್ಮ ಚಿಕ್ಕಂದಿನಲ್ಲಿ ಗಾಂಧೀಜಿಯನ್ನು ನೋಡಿದವರು ಊರಿಗೆ ಬಂದರೆ ನಾವು ಅವರ ಮುಖವನ್ನೇ ನೋಡುತ್ತಿದ್ದೆವಲ್ಲ, ಹಾಗೆ ನೋಡಿದಳು ನನ್ನನ್ನು. ಅವಳ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಕೆಲವೇ ಪುಟ. ಪರೀಕ್ಷೆಯಲ್ಲಿ ಬಂದರೆ ಎರಡು ಅಂಕದ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಹೆಸರನ್ನು ವೈರ್‌ಲೆಸ್‌ನಲ್ಲಿ ಕೇಳಿದರೆ ಜಿಲ್ಲೆಯ ಇಡೀ ಇಲಾಖೆ ಊಟ ಬಿಟ್ಟು ಎದ್ದು ಹೊರಡುತ್ತಿತ್ತು.

ಈ ಸಂಚಿಕೆಗೆ ಬೆಂಗಳೂರಿನ ಹೆಬ್ಬಾಳದ ಲಸಿಕೆ ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಹೇಳಿದಾಗ ಮೊದಲು ನೆನಪಾದದ್ದು ಆ ಹುಡುಗಿಯ ಪ್ರಶ್ನೆ. ಇಂಥ ಲೇಖನಗಳಲ್ಲಿ ಕಟ್ಟಡ ಯಾವಾಗ ಎದ್ದಿತು, ಯಾರು ಶಂಕುಸ್ಥಾಪನೆ ಮಾಡಿದರು, ಯಾವ ಯಾವ ನಿರ್ದೇಶಕರು ಎಷ್ಟೆಷ್ಟು ವರ್ಷ ಇದ್ದರು ಎಂಬ ಪಟ್ಟಿ ಇರುವುದು ರೂಢಿ. ಆ ಪಟ್ಟಿ ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟಿರುತ್ತದೆ, ಹೋದವರು ಓದಿಕೊಳ್ಳಬಹುದು. ನಾನು ಬರೆಯಹೊರಟಿರುವುದು ಗೋಡೆಯ ಮೇಲೆ ಇಲ್ಲದ್ದನ್ನು. ಈ ಸಂಸ್ಥೆ ಹುಟ್ಟಿದ್ದು ಒಂದೇ ಒಂದು ರೋಗದ ಸಲುವಾಗಿ. ಆ ರೋಗ ಈಗ ಭೂಮಿಯ ಮೇಲಿಲ್ಲ. ಅದು ಇಲ್ಲವಾದದ್ದರಿಂದಲೇ ಸಂಸ್ಥೆ ಯಾತಕ್ಕೆ ಹುಟ್ಟಿತು ಎಂಬುದೂ ಮರೆತುಹೋಗಿದೆ.

ನಮ್ಮ ಕಡೆ ಅದನ್ನು ದೊಡ್ಡರೋಗ ಎನ್ನುತ್ತಿದ್ದರು. ಕೆಲವು ಕಡೆ ದೊಡ್ಡಬೇನೆ, ಮಾರಿಬೇನೆ. ದನಕ್ಕೆ ಬರುವ ಕಾಯಿಲೆಗಳಿಗೆ ಹಳ್ಳಿಯವರು ಇಟ್ಟ ಹೆಸರುಗಳಲ್ಲಿ ಲಕ್ಷಣ ಇರುತ್ತದೆ. ಕಾಲುಬಾಯಿ ಬೇನೆ ಅಂದರೆ ಎಲ್ಲಿ ಹುಣ್ಣಾಗುತ್ತದೆಂದು ಹೆಸರೇ ಹೇಳುತ್ತದೆ. ಗಳಲೆ ಅಂದರೆ ಗಂಟಲು ಊದುವುದು. ಇದಕ್ಕೆ ಮಾತ್ರ ಲಕ್ಷಣ ಹೇಳದೆ ಬರೀ ದೊಡ್ಡದು ಎಂದು ಬಿಟ್ಟರು. ಅಷ್ಟು ಸಾಕಾಗಿತ್ತು.

ಮೊದಲ ದಿನ ಜ್ವರ. ಎತ್ತು ಮೇವು ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತದೆ. ಎರಡು ಮೂರು ದಿನಕ್ಕೆ ಕಣ್ಣಿನಿಂದ, ಮೂಗಿನಿಂದ ನೀರು ಸುರಿಯತೊಡಗಿ ಆಮೇಲೆ ಅದು ಕೀವಿನ ಹಾಗೆ ಗಟ್ಟಿಯಾಗುತ್ತದೆ. ಬಾಯಿ ಬಿಡಿಸಿ ನೋಡಿದರೆ ವಸಡಿನ ಮೇಲೆ, ತುಟಿಯ ಒಳಗೆ ತೌಡು ಉದುರಿಸಿದ ಹಾಗೆ ಬಿಳಿ ಬಿಳಿ. ಬೆರಳಿನಿಂದ ಉಜ್ಜಿದರೆ ಅದು ಕಿತ್ತುಬಂದು ಕೆಳಗೆ ಹಸಿ ಹುಣ್ಣು ಕಾಣುತ್ತದೆ. ಅದಾದ ಮೇಲೆ ಭೇದಿ. ಪಿಚಕಾರಿ ಹೊಡೆದ ಹಾಗೆ ದೂರಕ್ಕೆ ಚಿಮ್ಮುವ, ರಕ್ತ ಬೆರೆತ ಭೇದಿ. ಆ ವಾಸನೆ ನಾನು ಇದುವರೆಗೆ ಬೇರೆಲ್ಲೂ ಕಂಡಿಲ್ಲ, ಕಾಣುವುದೂ ಬೇಡ. ವಾರ, ಹತ್ತು ದಿನದೊಳಗೆ ದನ ಸಾಯುತ್ತದೆ. ಮೈಯಲ್ಲಿ ಈ ರೋಗ ತಡೆಯುವ ಶಕ್ತಿ ಎಂದೂ ಇರದ ತಳಿಗೆ ಬಂದರೆ ಹತ್ತರಲ್ಲಿ ಒಂಬತ್ತು ಹೋದದ್ದೂ ಉಂಟು. ಉಳಿದ ಒಂದಕ್ಕೆ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಎಲ್ಲ ಕಥೆ ನಿಂತಿರುವುದು ಅದರ ಮೇಲೆ.

ಒಂದು ದನ ಸತ್ತರೆ ಏನಾಯಿತು ಎಂದು ಇಂದಿನ ಪೇಟೆಯ ಓದುಗರು ಕೇಳಬಹುದು. ಟ್ರ್ಯಾಕ್ಟರ್ ಇಲ್ಲದ ಕಾಲದಲ್ಲಿ ಒಂದು ಜೊತೆ ಎತ್ತು ಅಂದರೆ ನೇಗಿಲು, ಕುಂಟೆ, ಗಾಡಿ, ಕಪಿಲೆ, ಗಾಣ, ತಿಪ್ಪೆ ಎಲ್ಲ ಅದೇ. ಮುಂಗಾರು ಮಳೆ ಬಿದ್ದು ನೆಲ ಹದವಾಗುವ ಹೊತ್ತಿಗೆ ಕೊಟ್ಟಿಗೆ ಖಾಲಿಯಾದರೆ ಆ ವರ್ಷದ ಬಿತ್ತನೆ ಹೋಯಿತು. ಮಳೆ ಬಂದೂ ಬರ. ಸಾಹುಕಾರನ ಹತ್ತಿರ ಸಾಲ ಮಾಡಿ ಹೊಸ ಜೊತೆ ತಂದರೆ ಅದಕ್ಕೂ ಬರಬಹುದು, ಸಾಲ ಮಾತ್ರ ಉಳಿಯುತ್ತದೆ. ನಮ್ಮ ಅಜ್ಜ ಹೇಳುತ್ತಿದ್ದ ಲೆಕ್ಕ ಬೇರೆ ರೀತಿಯದು: "ಮನೇಲಿ ಆಳು ಸತ್ರೆ ಹದಿಮೂರು ದಿನದ ಸೂತಕ. ಎತ್ತು ಸತ್ರೆ ಮೂರು ವರ್ಷದ ಸೂತಕ." ಆಫ್ರಿಕದ ಕೊಂಬಿಗೆ 1880ರ ದಶಕದ ಕೊನೆಯಲ್ಲಿ ಈ ರೋಗ ಹೊಕ್ಕು ಇಥಿಯೋಪಿಯದ ದನಗಳಲ್ಲಿ ಬಹುಪಾಲನ್ನು ಕೊಂದಿತು. ಅದರ ಬೆನ್ನಿಗೆ ಬಂದ ಕ್ಷಾಮದಲ್ಲಿ ಜನ ಗುಂಪುಗುಂಪಾಗಿ ಸತ್ತರು. ಹತ್ತು ವರ್ಷದೊಳಗೆ ಅದು ಖಂಡದ ದಕ್ಷಿಣದ ತುದಿ ಮುಟ್ಟಿತ್ತು. ವೈರಸ್ಸು ಮನುಷ್ಯನನ್ನು ಮುಟ್ಟುತ್ತಿರಲಿಲ್ಲ. ಕೊಲ್ಲುವುದಕ್ಕೆ ಮುಟ್ಟಲೇಬೇಕೆಂದಿಲ್ಲ.

ಹಳ್ಳಿಗಳಲ್ಲಿ ಇದನ್ನು ಎದುರಿಸುವ ಬಗೆ ಇರಲೇ ಇಲ್ಲ ಎನ್ನುವಂತಿಲ್ಲ. ಮಾರಿಗೆ ಹರಕೆ, ಗಡಿ ದಾಟಿಸುವುದು, ಊರು ಬಿಟ್ಟು ಹೊರಬೀಡು ಹೋಗುವುದು ಇದ್ದವು. ಹೊರಬೀಡನ್ನು ನಾವು ಕಾಲೇಜಿನಲ್ಲಿ ಮೂಢನಂಬಿಕೆ ಎಂದು ನಗುತ್ತಿದ್ದೆವು. ಊರಿಗೆ ಮುಳ್ಳು ಹಾಕಿ, ಹೊರಗಿನ ದನ ಒಳಗೆ ಬರದಂತೆ, ಒಳಗಿನದು ಹೊರಗೆ ಹೋಗದಂತೆ ಕಟ್ಟು ಮಾಡುವುದಕ್ಕೆ ನಮ್ಮ ಪಠ್ಯದಲ್ಲಿ ಕ್ವಾರಂಟೈನ್ ಎಂಬ ಅಧ್ಯಾಯವೇ ಇದೆ ಎಂಬುದು ಕೆಲಸಕ್ಕೆ ಸೇರಿದ ಮೇಲೆ ಹೊಳೆಯಿತು.

ಜಗತ್ತಿನಲ್ಲಿ ಪಶುವೈದ್ಯಕೀಯ ಎಂಬ ವಿದ್ಯೆ ಶಾಲೆ ಹತ್ತಿದ್ದೂ ಈ ರೋಗದ ಕೃಪೆಯಿಂದಲೇ. 18ನೇ ಶತಮಾನದಲ್ಲಿ ಯೂರೋಪಿನ ದನಗಳನ್ನು ಇದು ಮತ್ತೆ ಮತ್ತೆ ಗುಡಿಸಿಹಾಕುತ್ತಿತ್ತು. 1761ರಲ್ಲಿ ಕ್ಲೋಡ್ ಬೂರ್ಜಲಾ ಎಂಬಾತ ಫ್ರಾನ್ಸಿನ ದೊರೆಯ ಅಪ್ಪಣೆ ಪಡೆದು ಲಿಯೋನ್ ಪಟ್ಟಣದಲ್ಲಿ ಪ್ರಪಂಚದ ಮೊದಲ ಪಶುವೈದ್ಯ ಶಾಲೆಗೆ ಅಡಿಪಾಯ ಹಾಕಿದ. ಆತ ಮೂಲತಃ ಕುದುರೆ ಸವಾರಿ ಕಲಿಸುವ ಮೇಷ್ಟ್ರು. ಭಾರತದಲ್ಲಿ ಬ್ರಿಟಿಷ್ ಸರ್ಕಾರ ಮೊದಲಿಗೆ ಚಿಂತೆ ಮಾಡಿದ್ದು ಸೈನ್ಯದ ಕುದುರೆಗಳ ಬಗ್ಗೆ. ರೈತರ ದನದ ಕಡೆಗೆ ಕಣ್ಣು ಹೊರಳಿದ್ದು ತಡವಾಗಿ. ದನಗಳ ಸಾಂಕ್ರಾಮಿಕದ ಬಗ್ಗೆ ನೇಮಕವಾದ ಹ್ಯಾಲನ್ ಆಯೋಗ 1871ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ವರದಿಗಳ ಭಾಗ್ಯದಂತೆ ಅದೂ ಬಹಳ ಕಾಲ ಮಲಗಿತ್ತು. 1889ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಶುರುವಾಯಿತು. ಮುಖ್ಯಸ್ಥ ಆಲ್‌ಫ್ರೆಡ್ ಲಿಂಗಾರ್ಡ್. ಅಪಾಯದ ರೋಗದ ರಕ್ತವನ್ನು ಇಟ್ಟುಕೊಂಡು ಕೆಲಸ ಮಾಡಲು ಊರ ನಡುವೆ ಆಗದು ಎಂದು ಆತ 1893ರಲ್ಲಿ ಪ್ರಯೋಗಾಲಯವನ್ನು ಕುಮಾವೂಂ ಬೆಟ್ಟದ ಮೇಲಿನ ಮುಕ್ತೇಶ್ವರಕ್ಕೆ ಸಾಗಿಸಿದ. 1897ರಲ್ಲಿ ರಾಬರ್ಟ್ ಕಾಕ್ ಅಲ್ಲಿಗೆ ಬಂದಿದ್ದ. ಕ್ಷಯದ ಕ್ರಿಮಿ ಕಂಡುಹಿಡಿದವನೇ. ದಕ್ಷಿಣ ಆಫ್ರಿಕದಲ್ಲಿ ಸತ್ತ ದನದ ಪಿತ್ತರಸವನ್ನು ಚುಚ್ಚಿ ಉಳಿದ ದನಗಳನ್ನು ಉಳಿಸುವ ಒಂದು ಉಪಾಯ ಹೂಡಿ ಬಂದಿದ್ದ. ಉಪಾಯ ಅರ್ಧಂಬರ್ಧ ಕೆಲಸ ಮಾಡಿತು. ಆ ಪ್ರಯೋಗಾಲಯವೇ ಬೆಳೆದು ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ, ಐವಿಆರ್‌ಐ, ಆಗಿದೆ. ಅದರ ಒಂದು ಶಾಖೆ ನಮ್ಮ ಹೆಬ್ಬಾಳದಲ್ಲೇ ಇದ್ದು ಕಾಲುಬಾಯಿ ಬೇನೆಯ ಲಸಿಕೆಯ ಮೇಲೆ ದಶಕಗಟ್ಟಲೆ ದುಡಿದಿದೆ.

ಇನ್ನೊಂದು ಸಂಗತಿ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹಡಗಿನಲ್ಲಿ ಹೊರಟ ಹಿಣಿಲಿನ ದನಗಳು ನಡುವೆ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದವು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಯೂರೋಪ್ ಅದನ್ನು ಕಳೆದುಕೊಂಡೆವೆಂದು ನಿರಾಳವಾಗಿದ್ದ ಕಾಲ ಅದು. ಗಾಬರಿಬಿದ್ದ 28 ದೇಶಗಳು 1924ರ ಜನವರಿ 25ರಂದು ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡು ಪ್ರಾಣಿ ರೋಗಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಕಚೇರಿ ತೆರೆದವು. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಎರಡು ದಶಕ ಮೊದಲೇ ದನಗಳ ಆರೋಗ್ಯಕ್ಕೆ ವಿಶ್ವಸಂಸ್ಥೆ ಇತ್ತು ಎಂದಾಯಿತು.

ಆ ಹೊತ್ತಿಗೇ ಮೈಸೂರು ಸಂಸ್ಥಾನವೂ ಎಚ್ಚೆತ್ತುಕೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1920ರ ದಶಕದ ನಡುಭಾಗದಲ್ಲಿ, ಹೆಬ್ಬಾಳದಲ್ಲಿ ನಮ್ಮ ಈ ಸಂಸ್ಥೆ, ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ, ತಲೆಯೆತ್ತಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗದ ಮೂಲ ಹುಡುಕಿ ಮಲೆನಾಡಿನವರಿಗೆ ಬೋರ್ಡೋ ದ್ರಾವಣ ಕಲಿಸಿಕೊಟ್ಟ ಆ ಮಹಾನುಭಾವರನ್ನು ತೋಟದವರು ನೆನೆಯುತ್ತಾರೆ. ಅದೇ ಕಾಲದಲ್ಲಿ ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಆಡುಗೋಡಿಯಲ್ಲಿ, ಇಂಪೀರಿಯಲ್ ಡೇರಿ ಸಂಸ್ಥೆ ನಡೆಯುತ್ತಿತ್ತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದ ಗಾಂಧೀಜಿ ಅಲ್ಲಿಗೆ ಹೋಗಿ ದನ ಸಾಕಣೆ ಕಲಿತು, ಸಂದರ್ಶಕರ ಪುಸ್ತಕದಲ್ಲಿ ತಮ್ಮ ವೃತ್ತಿ ರೈತ ಎಂದು ಬರೆದರು. ಡೇರಿ ಸಂಸ್ಥೆಗೆ ಗಾಂಧಿ ಹೋದರು, ಆಮೇಲೆ ಅಮುಲ್‌ನ ಕುರಿಯನ್ ಬಂದು ತರಬೇತಿ ಪಡೆದರು, ಅದು ಚರಿತ್ರೆಯಲ್ಲಿ ಉಳಿಯಿತು. ಸೀರಂ ಕಡೆಗೆ ಯಾರು ಬರುತ್ತಾರೆ? ಅಲ್ಲಿ ಇದ್ದದ್ದು ರಕ್ತ, ಸಗಣಿ, ಕಾರ್ಬಾಲಿಕ್ ವಾಸನೆ.

ಸೀರಂ ಅಂದರೆ ಏನೆಂದು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸಂಸ್ಥೆಯ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಇಲಾಖೆಯ ಹಳಬರ ಬಾಯಲ್ಲಿ ಅದು ಸೀರಂ ಸಂಸ್ಥೆಯೇ. ಆಗಿನ ಸೀರಂ ಮನೆಗಳಲ್ಲೆಲ್ಲ ನಡೆಯುತ್ತಿದ್ದ ಕೆಲಸ ಹೀಗಿತ್ತು. ದೊಡ್ಡರೋಗ ಬಂದು ಬದುಕುಳಿದ, ಗಟ್ಟಿಮುಟ್ಟಾದ ಒಂದು ಎಮ್ಮೆಯನ್ನೋ ಹೋರಿಯನ್ನೋ ತರುವುದು. ಅದಕ್ಕೆ ರೋಗ ಹತ್ತಿದ ದನದ ರಕ್ತವನ್ನು ಹೆಚ್ಚು ಹೆಚ್ಚು ಪ್ರಮಾಣದಲ್ಲಿ ಚುಚ್ಚುವುದು. ಅದರ ಮೈ ಆ ರೋಗಕ್ಕೆ ಎದುರಾಗಿ ಇನ್ನಷ್ಟು ಸಜ್ಜಾಗುತ್ತದೆ. ಆಮೇಲೆ ಕುತ್ತಿಗೆಯ ನರದಿಂದ ಲೀಟರುಗಟ್ಟಲೆ ರಕ್ತ ಇಳಿಸಿ, ಗಾಜಿನ ಪಾತ್ರೆಯಲ್ಲಿ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ಜೇನಿನ ಬಣ್ಣದ ತಿಳಿಯನ್ನು ಬಸಿದುಕೊಳ್ಳುವುದು. ಮೊಸರಿನ ಮೇಲೆ ನೀರು ನಿಲ್ಲುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗೆ ತುಂಬಿ ಮುಚ್ಚುವುದು. ಆ ತಿಳಿಯನ್ನು ಬೇರೆ ದನಕ್ಕೆ ಚುಚ್ಚಿದರೆ ತಕ್ಷಣ ರಕ್ಷಣೆ ಸಿಗುತ್ತದೆ. ಆದರೆ ಅದು ಎರವಲು ರಕ್ಷಣೆ, ಹತ್ತು ಹದಿನೈದು ದಿನಕ್ಕೆ ಇಳಿದುಹೋಗುತ್ತದೆ.

ಎರವಲನ್ನು ಸ್ವಂತ ಮಾಡಿಕೊಡಲು ಜಾಣರು ಇನ್ನೊಂದು ಹೆಜ್ಜೆ ಇಟ್ಟರು. ದನದ ಒಂದು ಮಗ್ಗುಲಿಗೆ ಸೀರಂ, ಇನ್ನೊಂದು ಮಗ್ಗುಲಿಗೆ ಜೀವಂತ ರೋಗದ ರಕ್ತ, ಎರಡೂ ಒಟ್ಟಿಗೆ. ಸೀರಂ ಕಾಯುತ್ತಿರುವಾಗಲೇ ರೋಗ ಮೆತ್ತಗೆ ಬಂದು ಹೋಗುತ್ತದೆ, ದನಕ್ಕೆ ಜನ್ಮವಿಡೀ ಸಾಕಾಗುವಷ್ಟು ಶಕ್ತಿ ಬರುತ್ತದೆ. ಲೆಕ್ಕ ತಪ್ಪಿದರೆ ಚುಚ್ಚಿದ ಡಾಕ್ಟರೇ ಊರಿಗೆ ರೋಗ ತಂದಂತೆ. ಅಷ್ಟೇ ಅಲ್ಲ, ಒಂದು ದನದ ರಕ್ತವನ್ನು ಇನ್ನೊಂದಕ್ಕೆ ಹಾಕಿದಾಗ ಅದರಲ್ಲಿ ಅಡಗಿದ್ದ ಉಣ್ಣೆ ಜ್ವರದ ಪರೋಪಜೀವಿಯೂ ಜೊತೆಗೆ ಹೋಗುತ್ತಿತ್ತು. ಒಬ್ಬ ಕಳ್ಳನನ್ನು ಹಿಡಿಯಲು ಇನ್ನೊಬ್ಬನನ್ನು ಮನೆಯೊಳಗೆ ಬಿಟ್ಟ ಹಾಗೆ.

ಈ ಗಂಟು ಬಿಚ್ಚಿದ್ದು ಒಂದು ಮೇಕೆ. ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ದನದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ಹಾಯಿಸುತ್ತ ಹೋದ. ದನದ ಉಣ್ಣೆ ಜ್ವರ ಮೇಕೆಯ ಮೈಯಲ್ಲಿ ಬದುಕುವುದಿಲ್ಲ, ಹಾಗಾಗಿ ರಕ್ತ ಶುದ್ಧವಾಗಿರುತ್ತದೆ ಎಂಬಷ್ಟೇ ಮೊದಲಿನ ಆಸೆ. ನೂರಾರು ಸಲ ಮೇಕೆಯಿಂದ ಮೇಕೆಗೆ ದಾಟಿದ ಮೇಲೆ ನೋಡಿದರೆ ವೈರಸ್ಸೇ ಮೆತ್ತಗಾಗಿತ್ತು. ದನಕ್ಕೆ ಚುಚ್ಚಿದರೆ ಜ್ವರ ಬಂದು ಹೋಗುತ್ತದೆ, ಸಾಯುವುದಿಲ್ಲ, ಸೀರಂ ಹಂಗೂ ಬೇಡ. ಮುಂದೆ ಮೇಕೆಯ ಗುಲ್ಮವನ್ನು ಅರೆದು ಒಣಗಿಸಿ ಪುಡಿ ಮಾಡಿ ಗಾಜಿನ ಆಂಪೂಲ್‌ಗಳಲ್ಲಿ ತುಂಬಿ ಕಳುಹಿಸುವುದು ಬಂತು. ವಿಲಾಯಿತಿ ರಕ್ತ ಬೆರೆತ ಹಸುಗಳಿಗೆ ಮಾತ್ರ ಅದು ಖಾರ. ಅವುಗಳಿಗೆ ಜಪಾನಿನ ನಕಮುರ ಮೊಲದಲ್ಲಿ ಹಾಯಿಸಿ ಮಾಡಿದ ಲಸಿಕೆ ಇತ್ತು. ಕೊನೆಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ತೊಂಬತ್ತು ಸಲ ಬೆಳೆಸಿ ಎಲ್ಲ ತಳಿಗೂ ಹೊಂದುವ ಲಸಿಕೆ ಮಾಡಿದ. ಅದಕ್ಕೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಈ ಮನುಷ್ಯನ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಯಾಕೆ ಇಲ್ಲವೋ ನನಗೆ ಅರ್ಥವಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ದೇಶದಲ್ಲಿ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಆಗ ವರ್ಷವರ್ಷವೂ ಲಕ್ಷಗಟ್ಟಲೆ ರಾಸುಗಳಿಗೆ ರೋಗ ತಗಲುತ್ತಿತ್ತು. ಚುಚ್ಚಲು ಕೈ ಬೇಕಲ್ಲ? 1958ರಲ್ಲಿ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ತೆರೆಯಿತು. ಕಾಲೇಜು ಮುಂದೆ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿ, ಈ ಶತಮಾನದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ತೆಕ್ಕೆಗೆ ಬಂದದ್ದನ್ನು ಇದೇ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಾರೆ.

ನಾನು ಶಿರಾ ಸೀಮೆಯ ಒಂದು ಹೋಬಳಿ ಆಸ್ಪತ್ರೆಗೆ ಮೊದಲ ಸಲ ಹೋದಾಗ ನನ್ನ ಆಸ್ತಿ ಎಂದರೆ ದನ ಕಟ್ಟಿ ನಿಲ್ಲಿಸುವ ಒಂದು ಟ್ರೆವಿಸ್, ಒಂದು ಕಬ್ಬಿಣದ ಬೀರು, ಒಂದು ಐಸ್ ಫ್ಲಾಸ್ಕ್, ಸಹಾಯಕ್ಕೆ ಒಬ್ಬ ಸ್ಟಾಕ್‌ಮನ್. ಫ್ಲಾಸ್ಕೇ ನನ್ನ ಪ್ರಾಣ. ಲಸಿಕೆಯ ಪುಡಿ ತಣ್ಣಗಿರಬೇಕು. ತಣ್ಣನೆಯ ಸಲೈನ್‌ನಲ್ಲಿ ಕರಗಿಸಿದ ಮೇಲೆ ಬಿಸಿಲೇರುವ ಮುಂಚೆ ಚುಚ್ಚಿ ಮುಗಿಸಬೇಕು. ತಡವಾದರೆ ಅದು ಬರೀ ನೀರು. ಅದಕ್ಕೇ ನಾವು ಬೆಳಗಿನ ಜಾವ ಹಳ್ಳಿಗೆ ಹೋಗುವುದು. ದನ ಮೇಯಲು ಬಿಡುವ ಮುಂಚೆ ಊರಬಾಗಿಲಲ್ಲಿ ನಿಂತು, ಹಗ್ಗ ಹಿಡಿದ ಒಬ್ಬೊಬ್ಬರನ್ನೂ ಒಲಿಸಬೇಕು.

"ಸೂಜಿ ಹಾಕ್ಸುದ್ರೆ ಹಾಲು ಇಳ್ದೋಯ್ತದಂತೆ ಸ್ವಾಮಿ, ಗಬ್ಬದ ಹಸ ಬ್ಯಾರೆ."

"ಎರಡು ದಿನ ಇಳಿಬೋದು ಅಜ್ಜಿ. ಆಮೇಲೆ ಬರುತ್ತೆ. ರೋಗ ಬಂದ್ರೆ ಹಸುನೇ ಇರಲ್ಲ."

"ನೀನು ಸರ್ಕಾರದೋನು, ಹಂಗೇ ಹೇಳ್ತೀಯ."

ಒಂದು ದಿನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು ಮೂರು ಗಂಟೆ ತಡವಾಯಿತು. ಹಳ್ಳಿ ಮುಟ್ಟಿ ಫ್ಲಾಸ್ಕ್ ಮುಚ್ಚಳ ತೆಗೆದರೆ ಐಸ್ ಪೂರಾ ಕರಗಿ ಆಂಪೂಲ್‌ಗಳು ಬೆಚ್ಚಗಿನ ನೀರಿನಲ್ಲಿ ತೇಲುತ್ತಿವೆ. ಎದುರಿಗೆ ಇನ್ನೂರಕ್ಕೆ ಕಡಿಮೆಯಿಲ್ಲದ ದನ, ಕೆಲಸ ಬಿಟ್ಟು ಕಾದು ನಿಂತ ಜನ. ಚುಚ್ಚಿ ರಿಜಿಸ್ಟರಿನಲ್ಲಿ ಬರೆದರೆ ಯಾರಿಗೂ ತಿಳಿಯುವುದಿಲ್ಲ, ನನ್ನ ತಿಂಗಳ ಗುರಿಯೂ ಮುಟ್ಟುತ್ತದೆ. ಸ್ಟಾಕ್‌ಮನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಲಸಿಕೆ ಕೆಟ್ಟಿದೆ, ಮುಂದಿನ ವಾರ ಬರುತ್ತೇವೆ ಎಂದೆ. ಊರ ಗೌಡರು ಬಾಯಿಗೆ ಬಂದಂತೆ ಬೈದರು. ಮುಂದಿನ ವಾರ ಹೋದಾಗ ಬಂದದ್ದು ಅರ್ಧ ದನ ಮಾತ್ರ. ನಾನು ಮಾಡಿದ್ದು ಸರಿ ಎಂದು ಈಗಲೂ ಅನ್ನಿಸುತ್ತದೆ, ಆದರೆ ಆ ಉಳಿದ ಅರ್ಧ ಊರು ಬಹಳ ದಿನ ನಿದ್ದೆ ಕೆಡಿಸಿತು. ನಂಬಿಕೆಗೂ ಐಸ್ ಬೇಕು ಎಂದು ನಮ್ಮ ಸ್ಟಾಕ್‌ಮನ್ ಹೇಳುತ್ತಿದ್ದ.

ದನಗಳ ಜಾತ್ರೆಯ ಕೆಲಸ ಇನ್ನೊಂದು ಬಗೆಯದು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ಚುಂಚನಕಟ್ಟೆ, ಇವೆಲ್ಲ ರೈತರಿಗೆ ಹಬ್ಬ, ಹಳ್ಳಿಕಾರ್ ಜೋಡಿಗಳಿಗೆ ಮೆರವಣಿಗೆ. ನಮ್ಮ ಕಣ್ಣಿಗೆ ಮಾತ್ರ ನೂರಾರು ಊರಿನ ಉಸಿರು ಒಂದೇ ಬಯಲಲ್ಲಿ ಬೆರೆಯುವ ಜಾಗ. ಒಂದು ಸೋಂಕಿನ ದನ ಬಂದರೆ ಹದಿನೈದು ದಿನದಲ್ಲಿ ನಾಲ್ಕು ಜಿಲ್ಲೆ. ಜಾತ್ರೆಯ ಬಾಯಲ್ಲಿ ಟೆಂಟ್ ಹಾಕಿಕೊಂಡು ಒಂದೊಂದೇ ದನದ ಬಾಯಿ ಬಿಡಿಸಿ ನೋಡುತ್ತಿದ್ದೆವು. ಹಲ್ಲು ನೋಡಿ ವಯಸ್ಸು ಹೇಳಿ ಡಾಕ್ಟ್ರೇ ಎಂದು ದಲ್ಲಾಳಿಗಳು ಜೊತೆಗೆ ಬರುತ್ತಿದ್ದರು. ಪುಕ್ಕಟೆ ಸಲಹೆ.

1980ರ ದಶಕಕ್ಕೆ ಬರುವಷ್ಟರಲ್ಲಿ ಉತ್ತರದ ಬಹುಪಾಲು ರಾಜ್ಯಗಳಲ್ಲಿ ರೋಗ ಇಳಿದಿತ್ತು. ಬೇರು ಉಳಿದದ್ದು ದಕ್ಷಿಣದಲ್ಲಿ. ಮೂವತ್ತು ವರ್ಷ ಚುಚ್ಚಿಯೂ ಯಾಕೆ ಹೋಗಲಿಲ್ಲ? ಚುಚ್ಚಿದ ಲೆಕ್ಕ ಕಾಗದದಲ್ಲಿ ಚೆನ್ನಾಗಿತ್ತು. ಕುರಿಗಾರರ ಜೊತೆ ತಿರುಗುವ ಹಿಂಡು, ಕಸಾಯಿಖಾನೆಯ ದಾರಿಯಲ್ಲಿ ನಡೆದು ಹೋಗುವ ದನ, ಇವು ಕಾಗದದಲ್ಲಿ ಇರಲಿಲ್ಲ. ಇದರ ಜೊತೆ ಇನ್ನೊಂದು ತೊಡಕು. ಕುರಿಮೇಕೆಗಳಲ್ಲಿ ಅದೇ ತರಹ ಬಾಯಿಹುಣ್ಣು, ಭೇದಿ, ಸಾವು ಕಾಣುತ್ತಿತ್ತು. ನಾವು ಅದನ್ನೂ ದೊಡ್ಡರೋಗ ಎಂದೇ ಬರೆದುಕೊಳ್ಳುತ್ತಿದ್ದೆವು. 1987ರಲ್ಲಿ ತಮಿಳುನಾಡಿನಲ್ಲಿ ಅದು ಬೇರೆಯೇ ವೈರಸ್ಸು, ಪಿಪಿಆರ್, ಎಂದು ಗೊತ್ತಾಯಿತು. ನಮ್ಮ ಕುರುಬರು ಅದಕ್ಕೆ ಹಿರೇಬೇನೆ ಎನ್ನುತ್ತಾರೆ. ದೊಡ್ಡರೋಗ, ಹಿರೇಬೇನೆ: ಹೆಸರು ಬೇರೆ ಬೇರೆ ಇಟ್ಟವರು ಅವರು, ಒಂದೇ ಎಂದುಕೊಂಡವರು ನಾವು.

1992ರಲ್ಲಿ ಯೂರೋಪಿನ ನೆರವಿನೊಂದಿಗೆ ಹೊಸ ರಾಷ್ಟ್ರೀಯ ಯೋಜನೆ ಬಂತು. ಅದರ ಬುದ್ಧಿ ಹಿಂದಿನದಕ್ಕಿಂತ ಬೇರೆ. ಎಷ್ಟು ಚುಚ್ಚಿದಿರಿ ಎಂದು ಕೇಳುವ ಬದಲು ರೋಗ ಎಲ್ಲಿದೆ ಎಂದು ಕೇಳಿತು. ಹಳ್ಳಿಹಳ್ಳಿಗೆ ಹೋಗಿ ಬಾಯಿಹುಣ್ಣು, ಭೇದಿ, ಒಟ್ಟೊಟ್ಟಿಗೆ ಸಾವು ಕಂಡಿರಾ ಎಂದು ವಿಚಾರಿಸಿ, ರಕ್ತದ ಮಾದರಿ ತಂದು ಪ್ರಯೋಗಾಲಯದಲ್ಲಿ ನೋಡುವುದು. ರೋಗದ ಗುಣವೂ ನಮಗೆ ಅನುಕೂಲವಾಗಿತ್ತು. ಒಂದೇ ಬಗೆಯ ವೈರಸ್ಸು, ಒಮ್ಮೆ ಬಂದು ಹೋದರೆ ಮತ್ತೆ ಇಲ್ಲ, ಗುಣವಾದ ದನ ರೋಗ ಹೊತ್ತು ತಿರುಗುವುದಿಲ್ಲ, ಹತ್ತಿರದ ಸಂಪರ್ಕ ಇಲ್ಲದೆ ಹರಡುವುದಿಲ್ಲ. ಕಾಲುಬಾಯಿ ಬೇನೆಯಲ್ಲಿ ಈ ಯಾವ ಅನುಕೂಲವೂ ಇಲ್ಲ. ಅದರಲ್ಲಿ ಹಲವು ಬಗೆ, ಆರಾದ ದನದ ಗಂಟಲಲ್ಲೂ ಕೂತಿರುತ್ತದೆ.

ದೇಶದ ಕೊನೆಯ ದೊಡ್ಡರೋಗ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. ಆಮೇಲೆ ಬಂದದ್ದು ಎಲ್ಲಕ್ಕಿಂತ ಧೈರ್ಯದ ಕೆಲಸ: ಲಸಿಕೆ ನಿಲ್ಲಿಸುವುದು. ಲಸಿಕೆ ಹಾಕುತ್ತಿರುವವರೆಗೆ ರೋಗ ಇಲ್ಲ ಎಂದು ಸಾಬೀತು ಮಾಡುವಂತಿಲ್ಲ. ರಕ್ತದಲ್ಲಿ ಕಂಡದ್ದು ಲಸಿಕೆಯ ಗುರುತೋ ರೋಗದ ಗುರುತೋ ಗೊತ್ತಾಗದು. ನಲವತ್ತು ವರ್ಷ ಚುಚ್ಚಿದ ಕೈಗಳನ್ನು ಕಟ್ಟಿ ಕೂರುವುದು ಸುಲಭವಲ್ಲ. ನಮ್ಮ ಹಿರಿಯ ಅಧಿಕಾರಿಯೊಬ್ಬರು ನಿವೃತ್ತಿಯಾಗುವ ತನಕ ಬೀರುವಿನಲ್ಲಿ ಒಂದಿಷ್ಟು ಲಸಿಕೆ ಮುಚ್ಚಿಟ್ಟುಕೊಂಡಿದ್ದರು. ಕೆಟ್ಟುಹೋದ ಲಸಿಕೆ ಅದು, ಅವರಿಗೂ ಗೊತ್ತಿತ್ತು.

2006ರಲ್ಲಿ ಭಾರತ ಸೋಂಕುಮುಕ್ತ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. 2001ರಲ್ಲಿ ಕೀನ್ಯಾದ ಕಾಡೆಮ್ಮೆಯೊಂದರಲ್ಲಿ ಕಂಡದ್ದೇ ಜಗತ್ತಿನ ಕೊನೆಯದು. ಅದೇ ಪ್ಯಾರಿಸ್ ಕಚೇರಿ 2011ರ ಮೇ 25ರಂದು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೂನ್ 28ರಂದು, ದೊಡ್ಡರೋಗ ಭೂಮಿಯಿಂದ ಹೋಯಿತೆಂದು ಸಾರಿದವು. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ ಎರಡನೆಯ ರೋಗ. ಮೂರನೆಯದು ಇನ್ನೂ ಇಲ್ಲ. ಮರುದಿನದ ಕನ್ನಡ ಪತ್ರಿಕೆಗಳನ್ನು ನಾನು ಹುಡುಕಿ ಹುಡುಕಿ ಓದಿದೆ. ನನ್ನ ಕೈಗೆ ಸಿಕ್ಕವುಗಳಲ್ಲಿ ಮೊದಲ ಪುಟದಲ್ಲಿ ಇರಲಿಲ್ಲ.

ಹೆಬ್ಬಾಳ ಖಾಲಿ ಕೂತಿಲ್ಲ. ಸಂಸ್ಥೆ ಈಗ ಇನ್‌ಸ್ಟಿಟ್ಯೂಟ್ ಆಫ್ ಅನಿಮಲ್ ಹೆಲ್ತ್ ಅಂಡ್ ವೆಟರ್ನರಿ ಬಯಾಲಜಿಕಲ್ಸ್. ಹೇಳಿ ಮುಗಿಸುವಷ್ಟರಲ್ಲಿ ದನ ಹಗ್ಗ ಬಿಚ್ಚಿಕೊಂಡು ಹೋಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಹಾಕುವ ಗಳಲೆ, ಚಪ್ಪೆ ಬೇನೆಯ ಲಸಿಕೆ, ನೆರಡಿಯ ಲಸಿಕೆ, ಕುರಿಗಳ ಕರುಳು ಬೇನೆಯದು, ಕೋಳಿಗಳ ಕೊಕ್ಕರೆ ರೋಗದ್ದು, ಹಿರೇಬೇನೆಯದು, ಇವೆಲ್ಲ ಅಲ್ಲಿ ತಯಾರಾದವು. ದಕ್ಷಿಣದ ರಾಜ್ಯಗಳ ರೋಗ ಪತ್ತೆಯ ಪ್ರಯೋಗಾಲಯವೂ ಅಲ್ಲೇ. ಯಲಹಂಕದ ಕಡೆ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ತಿಂಗಳು ಯಾವ ರೋಗ ಬರಬಹುದೆಂದು ಮುನ್ಸೂಚನೆ ಕೊಡುತ್ತದೆ. ಪಂಚಾಂಗಕ್ಕಿಂತ ನಂಬಿಕೆಗೆ ಯೋಗ್ಯ.

ಮನುಷ್ಯರ ಆರೋಗ್ಯ ಬೇರೆ, ದನದ ಆರೋಗ್ಯ ಬೇರೆ ಎನ್ನುವವರಿಗೆ ನಾನು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡನ್ನು ತೋರಿಸುತ್ತೇನೆ. 1957ರಲ್ಲಿ ಅಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದವು, ಹಿಂದೆಯೇ ಸೌದೆಗೆ ಹೋದವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆಯ ಮೂಲಕ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗವೇ ಮೊದಲ ತಂತಿ. ಅದನ್ನು ಓದುವ ಮೊದಲಿಗರಲ್ಲಿ ಪಶುವೈದ್ಯನೂ ಒಬ್ಬ. ದಡಾರದ ವೈರಸ್ಸೂ ದೊಡ್ಡರೋಗದ ವೈರಸ್ಸಿನ ಹತ್ತಿರದ ದಾಯಾದಿ. ದನ ಸಾಕಲು ಕಲಿತ ಮನುಷ್ಯ ಎಂದೋ ಅದನ್ನು ಕೊಟ್ಟಿಗೆಯಿಂದಲೇ ಮನೆಯೊಳಗೆ ತಂದುಕೊಂಡ. ಇನ್ನು ಕಂದು ಹಾಕಿಸುವ ಬ್ರೂಸೆಲ್ಲ, ಹುಚ್ಚುನಾಯಿ ರೋಗ, ನೆರಡಿ, ಇವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಬೇನೆ ಬಂದು ಸಾವಿರಾರು ಹಸು ಸತ್ತಾಗ, 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಸಂತೆಗಳು ನಿಂತಾಗ, ಹಾಲಿನ ಡೇರಿಗೆ ಎರಡೇ ಲೀಟರ್ ಹಾಕಿ ತಿಂಗಳು ಕಳೆಯುವ ಹೆಣ್ಣುಮಕ್ಕಳು ಆಸ್ಪತ್ರೆಯ ಮುಂದೆ ಕೂತಿದ್ದನ್ನು ನೋಡಿದೆ. ಆಗ ಎಲ್ಲರಿಗೂ ಇಲಾಖೆ ನೆನಪಾಗುತ್ತದೆ. ಬೈಯಲಿಕ್ಕೆ. ಅದು ನ್ಯಾಯವೇ. ರೋಗ ಬಾರದ ವರ್ಷ ಹೊಗಳುವವರಿಲ್ಲ ಎಂಬ ದೂರು ನನ್ನದಲ್ಲ. ಬಾರದ್ದನ್ನು ಯಾರು ನೋಡುತ್ತಾರೆ? ಆದರೆ ನಮ್ಮಲ್ಲೇ ನೆನಪು ಅಳಿಸಿಹೋದರೆ ಮುಂದಿನ ರೋಗಕ್ಕೆ ನಾವು ಅ ಆ ಇ ಈಯಿಂದ ಶುರುಮಾಡಬೇಕಾಗುತ್ತದೆ. ಐಸ್ ಕರಗಿದ ಫ್ಲಾಸ್ಕ್, ಅರ್ಧಕ್ಕೆ ನಿಂತ ಊರು, ಕಾಗದದ ಲೆಕ್ಕ, ಹಿರೇಬೇನೆಯ ಗೊಂದಲ, ಇವೆಲ್ಲ ಕಾಲುಬಾಯಿ ಬೇನೆಯ ಲಸಿಕೆ ಹಾಕುವ ಇಂದಿನ ಹುಡುಗರಿಗೂ ಎದುರಾಗುತ್ತಿವೆ.

ಆದ್ದರಿಂದ ಈ ಸಂಚಿಕೆ ಓದುವ ನಿವೃತ್ತ ಸಹೋದ್ಯೋಗಿಗಳಲ್ಲಿ, ಸ್ಟಾಕ್‌ಮನ್ ಬಂಧುಗಳಲ್ಲಿ, ಅವರ ಮನೆಯವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ, ಟ್ರಂಕಿನಲ್ಲಿ ದೊಡ್ಡರೋಗದ ಕಾಲದ ಲಸಿಕೆ ರಿಜಿಸ್ಟರು, ಪ್ರವಾಸದ ಡೈರಿ, ಜಾತ್ರೆ ಕ್ಯಾಂಪಿನ ಫೋಟೊ, ಖಾಲಿ ಆಂಪೂಲ್, ಹಳೆಯ ಫ್ಲಾಸ್ಕ್ ಇದ್ದರೆ ರದ್ದಿಗೆ ಹಾಕಬೇಡಿ. ಹೆಬ್ಬಾಳದ ಕಾಲೇಜಿನ ಗ್ರಂಥಾಲಯಕ್ಕೆ ತಂದುಕೊಡಿ. ನನ್ನ ಫ್ಲಾಸ್ಕ್ ಕೊಡುವುದಾಗಿ ಆ ಹುಡುಗಿಗೆ ಹೇಳಿದ್ದೇನೆ. ಮುಚ್ಚಳ ಸಡಿಲವಾಗಿದೆ, ಒಳಗಿನ ಗಾಜು ಇನ್ನೂ ಒಡೆದಿಲ್ಲ.